ಒಂದು ವಿಸಿಲಿಗೆ ನಿಲ್ಲುವ ನಾಯಿ

ಮನುಷ್ಯನಿಗೂ ನಾಯಿಗೂ ಇರುವ ಸಂಬಂಧ ಅನಾದಿಯಾದದ್ದು. ಅದು ಬೇಟೆಯ ಕಾಲದಲ್ಲಿ, ಗುಹೆಯ ಬಾಗಿಲಿನಲ್ಲಿ, ಬೆಂಕಿಯ ಬದಿಯಲ್ಲಿ ಹುಟ್ಟಿತೆಂದು ತಿಳಿದವರು ಹೇಳುತ್ತಾರೆ. ಇರಬಹುದು. ನನ್ನ ಸೋದರಮಾವನ ಮಟ್ಟಿಗೆ ಮಾತ್ರ ಅದು ಹುಟ್ಟಿದ್ದು ಒಂದು ಮಂಗಳವಾರ ಮಧ್ಯಾಹ್ನ, ಮಣಿಪಾಲದಿಂದ ಉಡುಪಿಗೆ ಇಳಿಯುವ ಸರ್ವಿಸ್ ಬಸ್ಸಿನಲ್ಲಿ, ಹಿಂದಿನ ಬಾಗಿಲಿನ ಬದಿಯಲ್ಲಿ.

ಮಾವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿ, ತಪ್ಪು ತಿದ್ದಿ, ಬಸ್ಸಿನಲ್ಲಿ ಪಾರ್ಸೆಲ್ ಹಾಕಿ ವಾಪಸು ಕಳಿಸುವ ಜನ ಅವರು. ಕಾರ್ಕಳ-ಉಡುಪಿ ಲೈನಿನಲ್ಲಿ ಮೂವತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವರು. ಈಗ ವಯಸ್ಸು ಎಪ್ಪತ್ತು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಎರಡು ಟ್ರಿಪ್ಪಿನ ಮಧ್ಯೆ ನನಗೆ ಸಿಗ್ತಾ ಇದ್ದದ್ದು ಏಳು ನಿಮಿಷ. ಏಳು ನಿಮಿಷದಲ್ಲಿ ಎಂತ ಮದುವೆ ಮಾರಾಯ? ಒಂದು ಚಾ ಕುಡಿಯಬಹುದು ಅಷ್ಟೆ!"

ಈ ಮೂವತ್ತೆಂಟು ವರ್ಷಗಳಲ್ಲಿ ಅವರು ಗಳಿಸಿದ ಖ್ಯಾತಿಗೆ ಮೂಲಾಧಾರ ಎರಡು: ಅವರ ಕಿವಿ ಮತ್ತು ಅವರ ವಿಸಿಲ್. ಬೈಲೂರಿನಲ್ಲಿ ಹತ್ತಿದ ಅಜ್ಜಿಯೊಬ್ಬರು ಮುಂದಿನ ಸೀಟಿನಲ್ಲಿ ಕುಳಿತು, ಪಕ್ಕದವರ ಬಳಿ "ನನಗೆ ಹಿರಿಯಡ್ಕದಲ್ಲಿ ಇಳಿಯಲಿಕ್ಕೆ ಉಂಟು" ಎಂದು ಪಿಸುಗುಟ್ಟಿದರೆ ಸಾಕು, ಹಿಂದಿನ ಬಾಗಿಲಲ್ಲಿ ನೇತಾಡುತ್ತಿದ್ದ ಮಾವ ಹಿರಿಯಡ್ಕ ಬಂದಾಗ ತಪ್ಪದೆ ವಿಸಿಲ್ ಊದುತ್ತಿದ್ದರು. ಬಸ್ಸಿನ ಹಾಡು, ಹಾರ್ನು, ಕಾಲೇಜು ಮಕ್ಕಳ ಗಲಾಟೆ ಇವೆಲ್ಲವನ್ನೂ ದಾಟಿ ಆ ಪಿಸುಮಾತು ಅವರಿಗೆ ಹೇಗೆ ಮುಟ್ಟುತ್ತಿತ್ತೋ! ನಮ್ಮ ಕಡೆಯ ಬಸ್ಸು ಹತ್ತದವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಡ್ರೈವರನ ಕಾಲು ಬ್ರೇಕಿನ ಮೇಲೆ ಇರುತ್ತದಾದರೂ ಬಸ್ಸು ನಡೆಯುವುದು ಕಂಡಕ್ಟರನ ಬಾಯಿಯಿಂದ. ವಿಸಿಲ್ ಒಂದಾದರೆ ನಿಲ್ಲಬೇಕು. ಎರಡಾದರೆ ಹೊರಡಬೇಕು. ಸಂವಿಧಾನಕ್ಕೆ ಎಷ್ಟೋ ತಿದ್ದುಪಡಿಗಳಾದವು, ಇದಕ್ಕೆ ಆಗಲಿಲ್ಲ.

ನಿವೃತ್ತಿಯಾದ ಮೇಲೆ ಮಾವ ಕಾಪುವಿನಲ್ಲಿ, ಹೆದ್ದಾರಿಯ ಬಸ್‌ಸ್ಟಾಪಿನ ಸರೀ ಹಿಂದೆ, ಎರಡು ಕೋಣೆಯ ಮನೆ ಮಾಡಿಕೊಂಡರು. ಕಡಲು ಕಾಣುವ ಜಾಗ ಅದೇ ಊರಿನಲ್ಲಿ ಸಿಗುತ್ತಿತ್ತು. "ಕಡಲಿಗೆ ಟೈಮಿಂಗ್ ಇಲ್ಲ" ಎಂದು ಬೇಡವೆಂದರು.

ಆ ಮನೆಗೆ ಹೋದ ಮೇಲೆ ಅವರ ವಿಚಿತ್ರಗಳು ಒಂದಕ್ಕೆರಡಾದವು. ಮೊದಲೂ ಮಾತುಗಾರರೇ, ಈಗ ಎದುರಿನವರಿಗೆ ಬಾಯಿ ತೆರೆಯಲು ಎಡೆಯನ್ನೇ ಕೊಡದಷ್ಟು ಮಾತಾಡತೊಡಗಿದರು. ನಾವು ಒಂದು ಪ್ರಶ್ನೆ ಕೇಳಿದರೆ ಅವರು ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು. ಮದುವೆ, ಗೃಹಪ್ರವೇಶಗಳಿಗೆ ಬರುವುದನ್ನು ನಿಲ್ಲಿಸಿದರು. ಎಲ್ಲಕ್ಕಿಂತ ದೊಡ್ಡ ಅಪರಾಧವೆಂದರೆ ಫೋನು ಎತ್ತುವುದನ್ನು ಬಿಟ್ಟರು. ನನ್ನ ಅಮ್ಮ, ಅಂದರೆ ಮಾವನ ಒಬ್ಬರೇ ಅಕ್ಕ, ಉಡುಪಿಯಲ್ಲಿ ನನ್ನ ಜೊತೆ ಇರುವವರು, ದಿನಾ ಬೆಳಗ್ಗೆ ಒಂಬತ್ತಕ್ಕೆ ಫೋನು ಮಾಡುವರು. ಅದು ಅಲ್ಲಿ ಹೊಡೆದುಕೊಂಡು ಹೊಡೆದುಕೊಂಡು ತಾನಾಗಿ ಸುಮ್ಮನಾಗುವುದು. "ಅವನಿಗೆ ಗರ್ವ ಬಂದಿದೆ" ಎಂದು ಅಮ್ಮ ತೀರ್ಪು ಕೊಟ್ಟರು. "ಅಕ್ಕನ ಫೋನು ಎತ್ತದವನಿಗೆ ಅಕ್ಕ ಬೇಡ. ಸರಿ. ನನಗೂ ತಮ್ಮ ಬೇಡ." ಹೀಗೆ ಹೇಳಿ ಮರುದಿನ ಒಂಬತ್ತಕ್ಕೆ ಮತ್ತೆ ಫೋನು ಮಾಡುವರು.

ಇಂಥ ಮಾವ ಆ ಮಂಗಳವಾರ, "ಬಿಪಿ ತೋರಿಸಿ ಬರ್ತೇನೆ" ಎಂದು ಒಬ್ಬರೇ ಮಣಿಪಾಲದ ಆಸ್ಪತ್ರೆಗೆ ಹೋದರು. ಸಂಜೆ ನಾನು ಕಾಪುವಿಗೆ ಹೋಗಿ ನೋಡುತ್ತೇನೆ, ಜಗಲಿಯಲ್ಲಿ ಮಾವ. ಮಾವನ ಮೇಲೆ ನಾಯಿ!

"ಡಾಕ್ಟರು ಎಂತ ಹೇಳಿದರು ಮಾವ?" ಎಂದೆ.

ಮಾವ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ನಾಯಿ ಸಾಕಲಿಕ್ಕೆ ಹೇಳಿದ್ದಾರೆ" ಎಂದರು.

ವೈದ್ಯಶಾಸ್ತ್ರ ಇಷ್ಟು ಮುಂದುವರಿದದ್ದು ನನಗೆ ತಿಳಿದಿರಲಿಲ್ಲ.

ನಡೆದದ್ದು ಇಷ್ಟು. ಆಸ್ಪತ್ರೆಯಿಂದ ಬಸ್ಸಿಗೆ ಬರುವ ದಾರಿಯಲ್ಲಿ ನಾಯಿಗಳ ಶೆಲ್ಟರಿನವರು ಮರದ ಕೆಳಗೆ ಗೂಡುಗಳನ್ನಿಟ್ಟು ದತ್ತು ಶಿಬಿರ ನಡೆಸುತ್ತಿದ್ದರು. ಇಪ್ಪತ್ತು ನಾಯಿಗಳು ಒಟ್ಟಿಗೆ ಬೊಗಳುತ್ತಿದ್ದರೆ ಸಾಮಾನ್ಯ ಜನ ಆಚೆ ಬದಿಯಿಂದ ಹೋಗುತ್ತಾರೆ. ಮಾವ ನಡುವಿನಿಂದಲೇ ಹೋದರು. ಆಗ ಹಗ್ಗದಲ್ಲಿ ಕಟ್ಟಿದ್ದ ಒಂದು ನಾಯಿ ಎದ್ದು, ಮುಂಗಾಲೆರಡನ್ನೂ ಅವರ ಹೆಗಲ ಮೇಲಿಟ್ಟು, ಎಡಗಿವಿಯನ್ನು ಸಾವಕಾಶವಾಗಿ ನೆಕ್ಕಿತು. ಮಾವ ಕದಲಲಿಲ್ಲ. ಎಪ್ಪತ್ತು ವರ್ಷಗಳಲ್ಲಿ ಅವರ ಹೆಗಲ ಮೇಲೆ ಹೀಗೆ ಹಕ್ಕಿನಿಂದ ಕೈಯಿಟ್ಟವರು ಯಾರೂ ಇರಲಿಲ್ಲವೆಂದು ಕಾಣುತ್ತದೆ.

ಆ ನಾಯಿಯ ಜಾತಿ ಯಾವುದೆಂದರೆ ಸಭೆ ಕರೆಯಬೇಕಾದೀತು. ತಲೆ ಲ್ಯಾಬ್ರಡಾರಿನದು, ಕಾಲು ಬೇರೆ ಯಾರದೋ, ಬಾಲ ನಮ್ಮ ಮಲ್ಪೆ ಬಂದರಿನ ಬೀದಿಯದು. ಒಂದು ಕಿವಿ ನೆಟ್ಟಗೆ ನಿಂತದ್ದು; ಇನ್ನೊಂದು ಅರ್ಧದಲ್ಲಿ ಮನಸ್ಸು ಬದಲಾಯಿಸಿದ್ದು. ಬಣ್ಣ ಸುಟ್ಟ ನೀರುದೋಸೆಯದು. ಇದನ್ನು ಅದುವರೆಗೆ ಎರಡು ಮನೆಯವರು ಒಯ್ದು, ಎರಡು ಮನೆಯವರೂ ವಾಪಸು ತಂದು ಬಿಟ್ಟಿದ್ದರು. ಮೊದಲನೆಯದು ಮಣಿಪಾಲದ ಒಂದು ಫ್ಲಾಟು. ಅಲ್ಲಿ ಇದು ಲಿಫ್ಟಿಗೆ ಬೊಗಳಿತು, ಲಿಫ್ಟು ನಿಂತರೆ ಯಾಕೆ ನಿಂತಿತೆಂದು ಬೊಗಳಿತು. ಎರಡನೆಯದು ಉಡುಪಿಯ ಒಂದು ವೈದಿಕರ ಮನೆ. ಅಲ್ಲಿ ಬೊಗಳುವುದರ ಜೊತೆಗೆ ಪ್ರೀತಿಯೂ ಹೆಚ್ಚಾಗಿ, ಮಿಂದು ಮಡಿಯುಟ್ಟು ಪೂಜೆಗೆ ಹೊರಟ ಹಿರಿಯರನ್ನು ಅಪ್ಪಿಕೊಂಡಿತು. ಅವರು ಮತ್ತೆ ಮಿಂದರು. ಇದು ಮತ್ತೆ ಅಪ್ಪಿತು. ಏಳನೆಯ ಸಲ ಮಿಂದು ಬಂದ ಹಿರಿಯರಿಗೆ ನೆಗಡಿಯಾಗಿ, ನಾಯಿಗೆ ವಾಪಸು ಟಿಕೆಟ್ ಆಯಿತು.

ಶೆಲ್ಟರಿನ ಮೇಡಂ ಧಾರವಾಡದ ಕಡೆಯವರು, ಕಡಕ್ ಹೆಂಗಸು. ಎಲ್ಲವನ್ನೂ ಮೊದಲೇ ಹೇಳಿ ಮಾವನಿಂದ ಫಾರಂ ತುಂಬಿಸಿಕೊಂಡಿದ್ದರು. ಒಂದು ತಿಂಗಳು ಪರೀಕ್ಷಾವಧಿ. ತಿಂಗಳಾದ ಮೇಲೆ ಅವರೇ ಮನೆಗೆ ಬಂದು ನೋಡುವರು. ಸರಿ ಕಂಡರೆ ನಾಯಿ ಖಾಯಂ, ಇಲ್ಲವಾದರೆ ವಾಪಸು. ಮೂರು ಸಲ ವಾಪಸು ಬಂದ ನಾಯಿಯನ್ನು ಮತ್ತೆ ಯಾರಿಗೂ ಕೊಡುವ ಪದ್ಧತಿ ಅಲ್ಲಿಲ್ಲ. ಅದು ಉಳಿದ ಆಯುಷ್ಯವನ್ನು ಗೂಡಿನಲ್ಲೇ ಕಳೆಯಬೇಕು. ಫಾರಂನಲ್ಲಿ ಫೋನ್ ನಂಬರಿನ ಜಾಗದಲ್ಲಿ ಮಾವ ನನ್ನ ನಂಬರು ಬರೆದಿದ್ದರು, ನನ್ನನ್ನು ಕೇಳದೆ.

ಬಸ್ಸಿನ ಕಥೆಯನ್ನು ನನಗೆ ಹೇಳಿದವರು ಆ ದಿನದ ಕಂಡಕ್ಟರ್. ಒಂದು ಕಾಲದಲ್ಲಿ ಮಾವನ ಕೈಕೆಳಗೆ ಕೆಲಸ ಕಲಿತವರು.

"ಎಂತ ಅಣ್ಣೆರೆ, ಇದು ಯಾರು?" ಎಂದು ಅವರು ಕೇಳಿದರಂತೆ.

"ಪ್ಯಾಸೆಂಜರ್."

"ನಾಯಿ ಅಲ್ವಾ?"

"ನಾಯಿ ಆದರೆ ಎಂತ? ನಿನ್ನ ಬಸ್ಸಿನಲ್ಲಿ ಇದಕ್ಕಿಂತ ಕಡೆಯವರು ಕೂತಿದ್ದಾರೆ. ನಿಂತವರ ಲೆಕ್ಕಕ್ಕೆ ಸೇರಿಸು."

ಬಸ್ಸು ತುಂಬಿತ್ತು. ಹಳೆಯ ಚಾಳಿ ಬಿಡುತ್ತದೆಯೇ? ಮಾವ ತಮ್ಮ ಗಂಟಲಿನ ಪೂರ್ಣ ಬಲದಿಂದ "ದುಂಬು ಪೋಲೆ, ದುಂಬು ಪೋಲೆ" ಎಂದು ಕೂಗಿದರು. ಮುಂದೆ ಹೋಗಿ ಎಂದು ತುಳುವಿನಲ್ಲಿ ಅದರ ಅರ್ಥ. ನಿಂತಿದ್ದ ವಿದ್ಯಾರ್ಥಿಗಳು ಯಾವತ್ತಿನಂತೆ ಕಲ್ಲುಕಂಬಗಳಾಗಿ ನಿಂತೇ ಇದ್ದರು. ನಾಯಿ ಮಾತ್ರ ಎದ್ದು, ಎಲ್ಲರ ಕಾಲ ಸಂದಿಯಲ್ಲಿ ನುಸುಳಿ, ದಾರಿಯಲ್ಲಿ ಸಿಕ್ಕವರ ಕೈ ನೆಕ್ಕುತ್ತಾ, ಡ್ರೈವರನ ಹತ್ತಿರ ಹೋಗಿ ಕುಳಿತಿತು.

ಮಾವನ ಕಣ್ಣಲ್ಲಿ ನೀರು ಬಂತೆಂದು ಆ ಕಂಡಕ್ಟರ್ ಆಣೆ ಮಾಡಿ ಹೇಳುತ್ತಾರೆ. "ಮೂವತ್ತೆಂಟು ವರ್ಷ ಕೂಗಿದ್ದೇನೆ. ಹೇಳಿದ ಕೂಡಲೇ ಮುಂದೆ ಹೋದ ಪ್ಯಾಸೆಂಜರ್ ಇದೊಂದೇ!"

ಶೆಲ್ಟರಿನಲ್ಲಿ ಇದಕ್ಕೆ ಮಫಿನ್ ಎಂದು ಹೆಸರಿಟ್ಟಿದ್ದರು. ಮಾವನಿಗೆ ಅದು ಸರಿ ಬರಲಿಲ್ಲ. "ತಿನ್ನುವ ಸಾಮಾನಿನ ಹೆಸರು ಇಡುವುದುಂಟಾ? ನಾಳೆ ನನ್ನನ್ನು ಗೋಳಿಬಜೆ ಅಂತ ಕರೀತೀರಾ?" ಎಂದು ಗದರಿ, ಎಲ್ಲೂ ನಿಲ್ಲದ ಅದರ ಸ್ವಭಾವಕ್ಕೆ ತಕ್ಕಂತೆ ಎಕ್ಸ್‌ಪ್ರೆಸ್ ಎಂದು ಕರೆದರು.

ಮೊದಲ ಮೂರು ದಿನ ಎಕ್ಸ್‌ಪ್ರೆಸ್ ತನ್ನ ಕೀರ್ತಿಗೆ ಕುಂದು ಬಾರದಂತೆ ಬೊಗಳಿತು. ಹಾಲಿನವನಿಗೆ, ಕಾಗೆಗೆ, ಬಿದ್ದ ತೆಂಗಿನಗರಿಗೆ, ಬೀಳಲಿರುವ ತೆಂಗಿನಗರಿಗೆ. ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಟೀಚರ್ ಇದ್ದಾರೆ. ನಲವತ್ತು ಮಕ್ಕಳ ತರಗತಿಯನ್ನು ಒಂದು ಕಣ್ಣಿನ ನೋಟದಿಂದ ಸುಮ್ಮನಾಗಿಸಿದವರು. ಅವರೇ ಸೋತು ನನಗೆ ಫೋನು ಮಾಡಿದರು. ಆಶ್ಚರ್ಯ ನೋಡಿ, ನಾಲ್ಕನೆಯ ದಿನ ನಾಯಿ ಬೊಗಳುವುದನ್ನು ನಿಲ್ಲಿಸಿಬಿಟ್ಟಿತು! ಪೂರ್ತಿಯಾಗಿ. ಒಂದು ಕುಂಯ್ ಕೂಡ ಇಲ್ಲ. ಟೀಚರ್ ನನಗೆ ಮತ್ತೆ ಫೋನು ಮಾಡಿ, "ನಿಮ್ಮ ಮಾವ ಎಂತ ಮಂತ್ರ ಹಾಕಿದರು ಮಾರಾಯ್ರೆ?" ಎಂದು ಕೇಳಿದರು. ಮಾವನನ್ನು ಕೇಳಿದರೆ, "ಟ್ರೈನಿಂಗ್" ಎಂದು ಗಂಭೀರವಾಗಿ ಹೇಳಿ ಒಳಗೆ ಹೋದರು.

ಬೊಗಳುವುದರ ಬದಲು ನಾಯಿ ಹೊಸದೊಂದು ಅಭ್ಯಾಸ ಹಿಡಿಯಿತು. ಗೇಟಿನ ಬಳಿ ಯಾರಾದರೂ ಬಂದರೆ, ಇದು ಬಂದವರ ಕಡೆಗಲ್ಲ, ಒಳಗೆ ಓಡುತ್ತಿತ್ತು. ಓಡಿ ಹೋಗಿ ಮಾವನ ಪಂಚೆಯ ತುದಿಯನ್ನು ಬಾಯಲ್ಲಿ ಕಚ್ಚಿ ಹೊರಗೆ ಎಳೆಯುತ್ತಿತ್ತು. ಒಂದು ವಾರದಲ್ಲಿ ಮಾವನ ಪಂಚೆಗಳ ಅಂಚಿಗೆಲ್ಲ ನೂಲಿನ ಗೊಂಡೆ ಬಂತು. ಊರಿನಲ್ಲಿ ಮಾನವಂತರಾಗಿ ಬದುಕಿದ ಮನುಷ್ಯ ಹೀಗೆ ನಾಯಿಯ ಹಿಂದೆ, ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಗೇಟಿಗೆ ಬಂದು ಅತಿಥಿಗಳನ್ನು ಸ್ವಾಗತಿಸುವ ದೃಶ್ಯವನ್ನು ಕಂಡವರೇ ಬಲ್ಲರು.

ನಿಜವಾದ ಟ್ರೈನಿಂಗ್ ಆರಂಭವಾದದ್ದು ಎರಡನೆಯ ವಾರ. ಗೋಡೆಯಲ್ಲಿ ಮೊಳೆಗೆ ತೂಗುತ್ತಿದ್ದ ಹಳೆಯ ಟಿಕೆಟಿನ ಚೀಲದಿಂದ ಮಾವ ವಿಸಿಲನ್ನು ಹೊರಗೆ ತೆಗೆದರು. ನಾಯಿಗೆ 'ಕೂತುಕೋ', 'ಏಳು', 'ಕೈ ಕೊಡು' ಎಂಬುದನ್ನೆಲ್ಲ ಕಲಿಸುವುದು ಸರ್ಕಸ್ಸಿನವರ ಕೆಲಸವೆಂದೂ, ಜೀವನಕ್ಕೆ ಬೇಕಾದ ಪಾಠ ಎರಡೇ ಎಂದೂ ಅವರ ಅಭಿಪ್ರಾಯ. ಒಂದು ವಿಸಿಲಿಗೆ ನಿಲ್ಲಬೇಕು. ಎರಡಕ್ಕೆ ಹೊರಡಬೇಕು. ಐದೇ ದಿನಗಳಲ್ಲಿ ನಾಯಿ ಕಲಿತದ್ದನ್ನು ನಾನೇ ಕಂಡೆ. ಬೆಕ್ಕನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ನಾಯಿ, ಮಾವ ಒಮ್ಮೆ ಊದಿದ ಕೂಡಲೇ ಮುಂಗಾಲೊಂದು ಗಾಳಿಯಲ್ಲಿರುವಂತೆಯೇ ನಿಂತುಬಿಟ್ಟಿತು. ಬೆಕ್ಕು ಕೂಡ ಅಪನಂಬಿಕೆಯಿಂದ ನಿಂತು ನೋಡಿತು. ಮಾವನ ಮುಖದಲ್ಲಿ ಆಗ ಕಂಡ ಸಂತೋಷ ಸ್ವಲ್ಪ ಹೆಚ್ಚೇ ಆಯಿತೆಂದು ನನಗೆ ಅನಿಸಿತು. ಒಂದು ನಾಯಿ ನಿಂತದ್ದಕ್ಕೆ ಅಷ್ಟೊಂದು?

ಇಲ್ಲಿ ಒಂದು ಎಡವಟ್ಟಾಯಿತು. ಮೂವತ್ತೆಂಟು ವರ್ಷ ಬಸ್ಸಿನಲ್ಲಿ ಬದುಕಿ, ಬಸ್‌ಸ್ಟಾಪಿನ ಬೆನ್ನಿಗೇ ಮನೆ ಮಾಡಿಕೊಂಡ ಮನುಷ್ಯ, ಬಸ್ಸಿನ ಭಾಷೆಯನ್ನೇ ನಾಯಿಗೆ ಕಲಿಸಿದರೆ ಏನಾಗುತ್ತದೆ? ಯೋಚಿಸಿ. ನಮ್ಮ ಹೆದ್ದಾರಿಯಲ್ಲಿ ಬೆಳಗ್ಗೆ ಆರರಿಂದ ರಾತ್ರಿ ಎಂಟರ ತನಕ ಐದು ನಿಮಿಷಕ್ಕೊಂದು ಬಸ್ಸು. ಪ್ರತಿ ಬಸ್ಸಿಗೂ ಬರುವಾಗ ಒಂದು ವಿಸಿಲ್, ಹೋಗುವಾಗ ಎರಡು. ವಿಧೇಯ ನಾಯಿ ಒಂದಕ್ಕೂ ತಪ್ಪಲಿಲ್ಲ. ಅನ್ನದ ತಟ್ಟೆಗೆ ಬಾಯಿ ಹಾಕುವಷ್ಟರಲ್ಲಿ ಉಚ್ಚಿಲದ ಕಡೆಯ ಬಸ್ಸು ನಿಲ್ಲುವುದು. ನಾಯಿಯೂ ಬಾಯಿ ತೆರೆದುಕೊಂಡೇ ನಿಲ್ಲುವುದು. ಬಸ್ಸು ಹೊರಡುವುದು, ನಾಯಿ ಅನ್ನ ಬಿಟ್ಟು ಅಂಗಳಕ್ಕೆ ಓಡುವುದು. ದಿನಕ್ಕೆ ಕಾರ್ಕಳಕ್ಕೆ ಹೋಗಿ ಬರುವಷ್ಟು ದೂರವನ್ನು ಅದು ಕಾಂಪೌಂಡಿನ ಒಳಗೇ ಕ್ರಮಿಸುತ್ತಿತ್ತು.

"ಇದಕ್ಕೆ ಎಂತದೋ ಆಗಿದೆ" ಎಂದು ಮಾವ ಚಿಂತೆಯಿಂದ ಹೇಳಿದರು. "ಸುಮ್ಮನೆ ನಿಲ್ತದೆ, ಸುಮ್ಮನೆ ಓಡ್ತದೆ. ನಾನು ಊದುವುದೇ ಇಲ್ಲ."

"ಬಸ್ಸಿನವರು ಊದ್ತಾರಲ್ಲ ಮಾವ!" ಎಂದೆ.

"ಯಾವ ಬಸ್ಸು?"

ಹೇಳಿದರೆ ನಂಬುತ್ತೀರಾ, ಅವರು ಆ ಮಾತನ್ನು ಹೇಳುವಾಗ ಹತ್ತು ಮಾರು ದೂರದಲ್ಲಿ ಒಬ್ಬ ಕಂಡಕ್ಟರ್ ಕೆನ್ನೆ ಉಬ್ಬಿಸಿ ಊದುತ್ತಿದ್ದ! ಕಣ್ಣೆದುರಿನ ಸತ್ಯವನ್ನು ಒಪ್ಪದ ಇಂಥ ಹಟ ಯಾವ ಮನುಷ್ಯನಿಗುಂಟು? ನಾನು ಮನೆಗೆ ಬಂದು ಅಮ್ಮನಿಗೆ ವರದಿ ಮಾಡಿದೆ. "ನಾನು ಹೇಳಲಿಲ್ವಾ? ಗರ್ವ" ಎಂದರು ಅಮ್ಮ.

ಇದರ ಮಗುಚಿದ ಪ್ರಸಂಗವೂ ಒಂದು ನಡೆಯಿತು. ಒಂದು ಬೆಳಗ್ಗೆ ಎಕ್ಸ್‌ಪ್ರೆಸ್ ಎಂಬ ನಾಯಿ ಗೇಟು ದಾಟಿ ಹೆದ್ದಾರಿಯ ಕಡೆ ಓಡಿತು. ಮಾವ ಗಾಬರಿಯಿಂದ ಹಿಂದೆ ಓಡಿ, ಎದೆಯಲ್ಲಿದ್ದ ಉಸಿರೆಲ್ಲವನ್ನೂ ಹಾಕಿ ಒಂದು ವಿಸಿಲ್ ಊದಿದರು. ನಾಯಿ ನಿಂತಿತು. ಅದೇ ಹೊತ್ತಿಗೆ, ಮಂಗಳೂರಿನಿಂದ ಕುಂದಾಪುರಕ್ಕೆ ಹೊರಟ, ಕಾಪುವಿನ ಆ ಜಾಗದಲ್ಲಿ ಹುಟ್ಟಾರಭ್ಯ ನಿಲ್ಲದ ನಿಜವಾದ ಎಕ್ಸ್‌ಪ್ರೆಸ್ ಬಸ್ಸೂ ಕಿರ್ರೆಂದು ನಿಂತಿತು. ಒಳಗಿದ್ದವರೆಲ್ಲ ಮುಂದಿನವರ ಬೆನ್ನಿಗೆ ಹಣೆಯಿಟ್ಟರು.

"ಯಾಕೆ ಊದಿದ್ದು ಮಾರಾಯ?" ಡ್ರೈವರ್ ಹಿಂದೆ ತಿರುಗಿ ಗುಡುಗಿದ.

"ನಾನು ಊದಲಿಲ್ಲ!" ಎಂದ ಅವನ ಕಂಡಕ್ಟರ್.

"ಮತ್ತೆ ನಿನ್ನ ಅಜ್ಜ ಊದಿದ್ದಾ?"

ಆಗ ಇಬ್ಬರಿಗೂ ಗೇಟಿನ ಬಳಿ ವಿಸಿಲ್ ಕಚ್ಚಿಕೊಂಡು ನಿಂತ ಅಜ್ಜ ಕಾಣಿಸಿದರು. ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹೇಳಿದ್ದನ್ನು ಇಲ್ಲಿ ಅಚ್ಚು ಮಾಡುವಂತಿಲ್ಲ. ಮಾವ ನಗುನಗುತ್ತಾ ಕೈಮುಗಿದು ಎಲ್ಲವನ್ನೂ ಸ್ವೀಕರಿಸಿದರು. ಆಮೇಲೆ ಸಾವಧಾನವಾಗಿ ಎರಡು ಸಲ ಊದಿದರು. ಏನು ಮಾಡುತ್ತೀರಿ, ಅಭ್ಯಾಸ! ಬಸ್ಸು ಹೊರಟೇಬಿಟ್ಟಿತು. ಟೀಚರ್ ಇದನ್ನು ನನಗೆ ಹೇಳುವಾಗ ಅವರ ಧ್ವನಿಯಲ್ಲಿ ಭಕ್ತಿ ಇತ್ತು: "ಅವನ ಬೈಗುಳಕ್ಕೆ ನನ್ನ ಎರಡು ಗುಲಾಬಿ ಗಿಡ ಬಾಡಿತು ಮಾರಾಯ್ರೆ. ನಿಮ್ಮ ಮಾವ ನಗ್ತಾ ಇದ್ದರು. ಎಂಥ ತಾಳ್ಮೆ!"

ಮಾವನಿಗೆ ತಾಳ್ಮೆಯೇ? ಟೈಮಿಗಿಂತ ಎರಡು ನಿಮಿಷ ತಡವಾದ ಬಸ್ಸಿನವನ ಜೊತೆ ವಾರಗಟ್ಟಲೆ ಜಗಳ ಮಾಡಿದ ಮಾವನಿಗೆ? ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ.

ಕೊನೆಗೆ ಅಮ್ಮನೇ ಪ್ರತ್ಯಕ್ಷ ತನಿಖೆಗೆ ಹೊರಟರು. ತಮ್ಮ ಬೇಡವೆಂದು ಹೇಳಿದ್ದರೂ ತಮ್ಮನಿಗೆ ಇಷ್ಟವೆಂದು ಬುಟ್ಟಿ ತುಂಬ ಕೊಟ್ಟೆಕಡುಬು ಮಾಡಿಕೊಂಡು ಬಂದರು. ಗೇಟು ತೆರೆಯುತ್ತಿದ್ದಂತೆ ನಾಯಿ ಎಂದಿನಂತೆ ಒಳಗೆ ಓಡಿ, ಪಂಚೆ ಎಳೆದು, ಮಾವನನ್ನು ಹೊರಗೆ ತಂದು ನಿಲ್ಲಿಸಿ, ಕರ್ತವ್ಯ ಮುಗಿಯಿತೆಂದು ಅಮ್ಮನ ಮೇಲೆ ಪ್ರೀತಿಯಿಂದ ಹಾರಿತು. ಎಪ್ಪತ್ತಾರು ವರ್ಷದ ಅಮ್ಮ ದಾಸವಾಳದ ಗಿಡದ ಬುಡದಲ್ಲಿ ಕುಳಿತುಬಿಟ್ಟರು. ಪೆಟ್ಟೇನೂ ಆಗಲಿಲ್ಲ. ಆದರೆ ಅವರು ಎದ್ದು ಸೀರೆ ಕೊಡವಿಕೊಳ್ಳುವಷ್ಟರಲ್ಲಿ ನಾಯಿ ಆರು ಕಡುಬುಗಳನ್ನು, ಹಲಸಿನೆಲೆಯ ಕೊಟ್ಟೆಯ ಸಮೇತ, ಮುಗಿಸಿತ್ತು.

"ಇವತ್ತು ನಾನು ಬಿದ್ದೆ, ನಾಳೆ ನೀನು ಬೀಳ್ತಿ" ಎಂದರು ಅಮ್ಮ. "ಒಬ್ಬನೇ ಇರುವವ. ಸೊಂಟ ಮುರಿದು ಬಿದ್ದರೆ ಫೋನು ಎತ್ತುವ ಅಭ್ಯಾಸವೂ ಇಲ್ಲ. ಇದನ್ನು ವಾಪಸು ಕೊಡು."

ಮಾವ ಉಳಿದ ಕಡುಬುಗಳನ್ನು ನೋಡುತ್ತಾ, "ಚಟ್ನಿ ತರಲಿಲ್ವಾ ಅಕ್ಕ?" ಎಂದರು.

ಅಮ್ಮನ ಸಿಟ್ಟು ಆ ದಿನ ಪ್ರತಿಜ್ಞೆಯಾಯಿತು. ಮೇಡಂ ಬರುವ ದಿನ ತಾನೂ ಬಂದು, ನಾಯಿಯನ್ನು ಕೈಯಾರೆ ಒಪ್ಪಿಸಿಯೇ ಬಿಡುವೆನೆಂದರು. ಅಮ್ಮ ಹೇಳಿದ್ದರಲ್ಲಿ ನ್ಯಾಯವಿತ್ತು ಎಂದು ನಾನೂ ಒಪ್ಪಿದೆ. ನಾಯಿಯ ಮೂರನೆಯ ವಾಪಸಾತಿಗೆ ಹೀಗೆ ಎರಡು ಓಟು ಬಿದ್ದವು. ಮಾವನಿಗೆ ವಿಷಯ ಹೇಳಿದೆವು. ಅವರು ಪಡುಬಿದ್ರಿಯ ಹಳೆಯ ಟೈಮ್ ಕೀಪರನ ಕಥೆ ಹೇಳಿದರು.

ತಿಂಗಳು ತುಂಬಿದ ಭಾನುವಾರ ಮೇಡಂ ಬಂದರು. ನಾನು, ಅಮ್ಮ ಮೊದಲೇ ಹೋಗಿ ಜಗಲಿಯಲ್ಲಿ ಕುಳಿತಿದ್ದೆವು. ಮಾವ ಒಳಗೆ ಚಾ ಮಾಡುತ್ತಿದ್ದರು. ಗೇಟಿನ ಸದ್ದಾಯಿತು. ನಾಯಿ ತಲೆಯೆತ್ತಿ ಮೇಡಂ ಅನ್ನು ನೋಡಿತು, ಗುರುತು ಸಿಕ್ಕಿ ಬಾಲ ಆಡಿತು, ಬೊಗಳಲಿಲ್ಲ. ಒಳಗೆ ಓಡಿತು. ಪಂಚೆಯ ತುದಿಯಲ್ಲಿ ಮಾವನನ್ನು ಹೊರಗೆ ತಂದಿತು.

ಮೇಡಂ ನಾಯಿಯ ಹಲ್ಲು ನೋಡಿದರು, ಪಕ್ಕೆಲುಬು ಸವರಿದರು. ಮೈತುಂಬಿಕೊಂಡಿತ್ತು. ಆದರೂ ಅವರ ಹುಬ್ಬು ಗಂಟಾಯಿತು.

"ಇದು ಬೊಗಳವಲ್ದು ಯಾಕ?" ಎಂದು ನನ್ನ ಕಡೆ ತಿರುಗಿ ಕೇಳಿದರು.

"ನಾಲ್ಕನೇ ದಿನವೇ ನಿಲ್ಲಿಸಿದೆ ಮೇಡಂ. ಮಾವ ಟ್ರೈನಿಂಗ್ ಕೊಟ್ಟಿದ್ದಾರೆ" ಎಂದೆ, ಹೊಗಳಿಕೆಯೆಂದು ತಿಳಿದು.

ಮೇಡಂ ಮುಖ ಇನ್ನಷ್ಟು ಬಿಗಿಯಾಯಿತು. ಎರಡು ಮನೆಯವರು ಬೊಗಳುತ್ತದೆಂದೇ ವಾಪಸು ತಂದ ನಾಯಿ. ನಾಲ್ಕು ದಿನದಲ್ಲಿ ಬಾಯಿ ಮುಚ್ಚಿತೆಂದರೆ ಅದನ್ನು ಟ್ರೈನಿಂಗ್ ಎನ್ನುವುದಿಲ್ಲ, ಹೊಡೆತ ಎನ್ನುತ್ತಾರೆ ಎಂದರು. ಇಂಥವನ್ನು ಬಹಳ ನೋಡಿದ್ದೇನೆ ಎಂದರು. ಅಷ್ಟರಲ್ಲಿ ಚಾದ ಸಾಮಾನನ್ನೆಲ್ಲ ಜಗಲಿಗೇ ತಂದು, ಬಗ್ಗಿ ಲೋಟಗಳಿಗೆ ಹಾಲು ಅಳೆಯುತ್ತಿದ್ದ ಮಾವನ ಬೆನ್ನಿಗೆ ಕೇಳಿದರು: "ಅಜ್ಜಾರ, ಖರೇ ಹೇಳ್ರಿ. ನಾಯಿಗೆ ಹೊಡದೀರೇನು?"

ಮಾವ ತಿರುಗಲೇ ಇಲ್ಲ. "ಸಕ್ಕರೆ ಹಾಕಿದ್ದೇನೆ ಎಲ್ಲರಿಗೂ" ಎಂದರು.

ಅಷ್ಟು ಸಾಕಾಯಿತು. ಮೇಡಂ ಚೀಲದಿಂದ ಬೆಲ್ಟು ತೆಗೆದರು. ಫಾರಂ ಬಿಡಿಸಿದರು. ಅಮ್ಮ ತನ್ನ ಪ್ರತಿಜ್ಞೆ ಇಷ್ಟು ಸುಲಭವಾಗಿ ಈಡೇರುತ್ತದೆಂದು ಎಣಿಸಿರಲಿಲ್ಲ. "ಅಯ್ಯೋ, ಹೊಡೆಯುವವನಲ್ಲ ಅವ. ಒಂದು ನೊಣಕ್ಕೂ ಹೊಡೆಯುವವನಲ್ಲ" ಎಂದು ತಡಬಡಿಸಿದರು. ಮೇಡಂ ಆಗಲೇ ನಾಯಿಯ ಕುತ್ತಿಗೆಗೆ ಬೆಲ್ಟು ಬಿಗಿದಿದ್ದರು. ನಾಯಿ ಒಂದು ಹೆಜ್ಜೆ ಅವರ ಜೊತೆ ಹೋಯಿತು. ಮತ್ತೆ ನಿಂತು, ಕುತ್ತಿಗೆ ಚಾಚಿ, ಮಾವನ ಪಂಚೆಯನ್ನು ಕಚ್ಚಿ ಎಳೆಯಿತು. ಮಾವ ತಿರುಗಿದರು. ಬೆಲ್ಟು ನೋಡಿದರು. ಫಾರಂ ನೋಡಿದರು. ನಮ್ಮೆಲ್ಲರ ಬಾಯಿಗಳನ್ನು ಒಂದೊಂದಾಗಿ ನೋಡಿದರು.



"ಸ್ವಲ್ಪ ಜೋರಾಗಿ ಹೇಳಿ ಮೇಡಂ" ಎಂದರು. "ನನಗೆ ಕಿವಿ ಇಲ್ಲ."

ಮಾವ ಒಳಗೆ ಹೋಗಿ ಟಿಕೆಟಿನ ಚೀಲ ತಂದರು. ಅದರೊಳಗಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದು ಮೇಡಂ ಕೈಗೆ ಕೊಟ್ಟರು. ಆ ಮಂಗಳವಾರದ ಆಸ್ಪತ್ರೆಯ ಚೀಟಿ. ಬಿಪಿಯ ಸುದ್ದಿ ಅದರಲ್ಲಿ ಎಲ್ಲೂ ಇರಲಿಲ್ಲ. ಎರಡೂ ಕಿವಿಗಳು ಬಹಳಷ್ಟು ಹೋಗಿವೆ, ಯಂತ್ರ ಹಾಕಿಸಿಕೊಳ್ಳಬೇಕು ಎಂದಿತ್ತು. ನಾಯಿ ಸಾಕಬೇಕೆಂದು ಯಾವ ಡಾಕ್ಟರೂ ಬರೆದಿರಲಿಲ್ಲ.

"ಮೂರು ವರ್ಷ ಆಯ್ತು" ಎಂದರು ಮಾವ. "ಕಂಡಕ್ಟರನಿಗೆ ಕಿವಿ ಇಲ್ಲ ಅಂದರೆ ಡ್ರೈವರನಿಗೆ ಕಣ್ಣಿಲ್ಲ ಅಂದ ಹಾಗೆ. ಹೇಗೆ ಹೇಳುವುದು? ನಾನೇ ಮಾತಾಡ್ತಾ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಮಾತಾಡಿದೆ." ಆಮೇಲೆ ನಾಯಿಯನ್ನು ತೋರಿಸಿ, "ಇದಕ್ಕೆ ಹೊಡೆಯಲಿಲ್ಲ ಮೇಡಂ. ಮೂರು ದಿನ ಬೊಗಳಿ ಬೊಗಳಿ ನೋಡಿತು. ಈ ಮನುಷ್ಯನ ಹತ್ತಿರ ಬೊಗಳಿ ಪ್ರಯೋಜನ ಇಲ್ಲ ಅಂತ ಅದಕ್ಕೇ ಗೊತ್ತಾಯ್ತು. ಬಂದು ಎಳೆಯಲಿಕ್ಕೆ ಸುರು ಮಾಡಿತು" ಎಂದರು.

ನಾವು ಅವರ ಬಂಧುಗಳು. ಅಕ್ಕ, ಅಳಿಯ. ಮೂರು ವರ್ಷ ಅವರೆದುರು ಕುಳಿತು ಊಟ ಮಾಡಿದವರು. ನಮಗೆ ಕಂಡದ್ದು ಗರ್ವ. ನಾಯಿಗೆ ಮೂರು ದಿನ ಸಾಕಾಯಿತು.

ಮೇಡಂ ಬೆಲ್ಟಿನ ತುದಿಯನ್ನು ಕೈಬಿಟ್ಟರು. ಜೋರಾಗಿ, ಒಂದೊಂದೇ ಮಾತು ಬಿಡಿಸಿ ಕೇಳಿದರು: "ಮತ್ತ ವಿಸಿಲ್ ಯಾಕ್ರಿ ಅಜ್ಜಾರ?"

ಮಾವ ಸ್ವಲ್ಪ ನಾಚಿಕೊಂಡರು. "ಮೊದಲು ಹೋದದ್ದೇ ವಿಸಿಲಿನ ಶಬ್ದ" ಎಂದರು. "ಮೂವತ್ತೆಂಟು ವರ್ಷ ಊದಿದ್ದು. ಈಗ ಊದಿದರೆ ಗಾಳಿ ಹೋದದ್ದು ಮಾತ್ರ ಗೊತ್ತಾಗ್ತದೆ. ಶಬ್ದ ಬಂತಾ ಇಲ್ವಾ ಗೊತ್ತಾಗುವುದಿಲ್ಲ. ಇದು ನಿಲ್ತದೆ ನೋಡಿ. ಇದು ನಿಂತರೆ, ಬಂತು ಅಂತ."

ಅಮ್ಮ ಎದ್ದರು. ದಿನಾ ಒಂಬತ್ತು ಗಂಟೆಗೆ, ಮೂರು ವರ್ಷ, ಹೊಡೆದುಕೊಂಡು ಸುಮ್ಮನಾದ ಅಷ್ಟೂ ಫೋನುಗಳು ಅವರ ಮುಖದಲ್ಲಿದ್ದವು. ಮಾವನ ಹತ್ತಿರ ಹೋಗಿ ಏನೋ ಹೇಳಲು ಬಾಯಿ ತೆರೆದವರು, ಹೇಳದೆ, ನಾಯಿಯನ್ನೊಮ್ಮೆ ನೋಡಿ, ಬಗ್ಗಿ ಮಾವನ ಪಂಚೆಯ ತುದಿಯನ್ನು ಹಿಡಿದು ಮೆಲ್ಲನೆ ಎಳೆದರು. ಮಾವ ತಿರುಗಿ ಅವರ ಮುಖ ನೋಡಿದರು.

"ನಾಳೆ ಚಟ್ನಿ ತರ್ತೇನೆ" ಎಂದರು ಅಮ್ಮ.

ಮೇಡಂ ಫಾರಂ ಪೂರ್ತಿ ಮಾಡಿದರು. ನಾಯಿಯ ನಡವಳಿಕೆ ಎಂಬಲ್ಲಿ 'ಉತ್ತಮ' ಎಂದು ಬರೆದು, ವಾಪಸು ಪಡೆದ ದಿನಾಂಕ ಎಂಬ ಜಾಗಕ್ಕೆ ಅಡ್ಡಗೆರೆ ಎಳೆದು ಸಹಿ ಹಾಕಿದರು. ಮುಂದಿನ ತಿಂಗಳು ಮಾವ ಮಣಿಪಾಲಕ್ಕೆ ಹೋಗಿ ಎರಡೂ ಕಿವಿಗಳಿಗೆ ಯಂತ್ರ ಹಾಕಿಸಿಕೊಂಡರು. ಒಂಬತ್ತು ಗಂಟೆಯ ಫೋನು ಈಗ ಎತ್ತುತ್ತಾರೆ. ನಾಯಿ ಮಾತ್ರ ಇನ್ನೂ ಬೊಗಳಲು ಸುರು ಮಾಡಿಲ್ಲ. ಮಾವನಿಗೆ ತಿಂಗಳಿಗೆ ಎರಡು ಪಂಚೆ ಬೇಕಾಗುತ್ತದೆ.